ಕ್ಷಯ ಮತ್ತು ಚಿಂತೆ: ಒಂದು ಹಳೆಯ ನಂಟಿನ ಚರಿತ್ರೆ

ವರ್ಷಗಟ್ಟಲೆ ಕಾಡುವ ಕಾಯಿಲೆಗೂ ಮನಸ್ಸಿನ ಬಳಲಿಕೆಗೂ ನಂಟಿದೆ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಸಕ್ಕರೆ ಕಾಯಿಲೆಯಿರಲಿ, ಹೃದಯದ ತೊಂದರೆಯಿರಲಿ, ಕೀಲುವಾತವಿರಲಿ, ವೈದ್ಯರೂ ರೋಗಿಗಳೂ ಈ ಮಾತಿಗೆ ತಲೆದೂಗುತ್ತಾರೆ. ಆದರೆ ನಂಟಿದೆ ಎಂದಷ್ಟೇ ಹೇಳಿ ನಿಲ್ಲಿಸಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಮನಸ್ಸು ನೊಂದದ್ದರಿಂದ ಮೈ ಕೆಟ್ಟಿತೋ, ಮೈ ಕೆಟ್ಟಿದ್ದರಿಂದ ಮನಸ್ಸು ಕುಗ್ಗಿತೋ, ಅಥವಾ ಎರಡನ್ನೂ ಹಾಳುಮಾಡುವ ಮೂರನೆಯದೊಂದು ಅವುಗಳ ಹಿಂದೆ ಇದೆಯೋ ಎಂಬುದನ್ನು ಬಿಡಿಸಿ ನೋಡಬೇಕು. ಹಾಗೆ ನೋಡಲು ಕ್ಷಯದಷ್ಟು ಒಳ್ಳೆಯ ನಿದರ್ಶನ ಬೇರೆ ಸಿಗದು. ಈ ಕಾಯಿಲೆಯ ಕ್ರಿಮಿ ಯಾವುದೆಂದು ನಮಗೆ 1882ರಿಂದ ಗೊತ್ತು, ಅದನ್ನು ಕೊಲ್ಲುವ ಔಷಧಿಗಳು 1940ರ ದಶಕದಿಂದ ಕೈಯಲ್ಲಿವೆ, ಇನ್ನೂರು ವರ್ಷಗಳ ದಾಖಲೆ ಇದೆ. ಆ ದಾಖಲೆಯನ್ನು ಓದಿದರೆ ಕಾಣುವುದು ಇಷ್ಟು: ಮನಸ್ಸಿನ ನೋವೇ ಕ್ಷಯಕ್ಕೆ ಕಾರಣ ಎಂದ ಕಾಲದಲ್ಲಿ ರೋಗಿಗೆ ಅನ್ಯಾಯವಾಯಿತು, ಮನಸ್ಸಿಗೂ ಕ್ಷಯಕ್ಕೂ ಸಂಬಂಧವೇ ಇಲ್ಲ ಎಂದುಕೊಂಡ ಕಾಲದಲ್ಲೂ ಅಷ್ಟೇ ಅನ್ಯಾಯವಾಯಿತು. ಚಿಂತೆಯ ನಿಜವಾದ ಜಾಗ ಕಾಯಿಲೆಯ ಬೇರಿನಲ್ಲಿಲ್ಲ, ಕಾಯಿಲೆಯ ಹಾದಿಯುದ್ದಕ್ಕೂ ಇದೆ. ಇದನ್ನು ಸಾಬೀತುಪಡಿಸುವ ಪುರಾವೆಗಳಲ್ಲಿ ಮುಖ್ಯವಾದ ಕೆಲವು ನಮ್ಮ ತುಮಕೂರು ಮತ್ತು ಬೆಂಗಳೂರು ಜಿಲ್ಲೆಗಳ ಹಳ್ಳಿಗಳಿಂದಲೇ ಬಂದವು.

ಹಳೆಯ ನಂಬಿಕೆಯಿಂದ ಶುರುಮಾಡೋಣ. ಚರಕಸಂಹಿತೆ ರಾಜಯಕ್ಷ್ಮಕ್ಕೆ, ಅಂದರೆ ಕ್ಷಯಕ್ಕೆ, ನಾಲ್ಕು ಬಗೆಯ ಕಾರಣಗಳನ್ನು ಹೇಳುತ್ತದೆ: ಶಕ್ತಿಮೀರಿದ ದುಡಿಮೆ, ದೇಹದ ಸಹಜ ವೇಗಗಳನ್ನು ತಡೆಯುವುದು, ಧಾತುಗಳ ಸವಕಳಿ, ಹೊತ್ತುಗೊತ್ತಿಲ್ಲದ ಊಟ. ಸವಕಳಿಯ ಪಟ್ಟಿಯಲ್ಲಿ ಶೋಕ, ಚಿಂತೆ, ಭಯ, ಮತ್ಸರ ಬರುತ್ತವೆ. ಯುರೋಪಿನಲ್ಲೂ ಇದೇ ನಂಬಿಕೆ ಬಹುಕಾಲ ಇತ್ತು. ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1819ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಪ್ಯಾರಿಸಿನ ಒಂದು ಕ್ರೈಸ್ತ ಸನ್ಯಾಸಿನಿಯರ ಮಠದ ಕಥೆ ಹೇಳುತ್ತಾನೆ. ಅವನು ಅಲ್ಲಿಗೆ ಹತ್ತು ವರ್ಷ ವೈದ್ಯನಾಗಿದ್ದ. ಅಲ್ಲಿನ ನಿಯಮ ಬಹಳ ಕಠಿಣ. ಸನ್ಯಾಸಿನಿಯರ ಮನಸ್ಸನ್ನು ಸದಾ ಧರ್ಮದ ಭಯಂಕರ ಸತ್ಯಗಳ ಮೇಲೇ ಇರಿಸಲಾಗುತ್ತಿತ್ತು, ಅವರ ಇಚ್ಛೆಯನ್ನು ಮುರಿಯುವುದೇ ಸಾಧನೆ ಎನಿಸಿತ್ತು. ಆ ಹತ್ತು ವರ್ಷಗಳಲ್ಲಿ ಮಠದ ಹೆಂಗಸರೆಲ್ಲ ಕ್ಷಯದಿಂದ ತೀರಿಕೊಂಡು, ಹೊಸಬರು ಬಂದು, ಅವರೂ ಹೋಗಿ, ಹೀಗೆ ಮಠ ಎರಡು ಮೂರು ಸಲ ಬರಿದಾಗಿ ತುಂಬಿತು. ಉಳಿದವರು ಕೆಲವೇ ಮಂದಿ: ಮಠದ ಮುಖ್ಯಸ್ಥೆ, ಬಾಗಿಲು ಕಾಯುವವಳು, ತೋಟ, ಅಡುಗೆಮನೆ ಮತ್ತು ರೋಗಿಗಳ ಕೋಣೆ ನೋಡಿಕೊಳ್ಳುವವರು. ಬೇರೆ ಕೆಲಸದಲ್ಲಿ ಮನಸ್ಸು ತೊಡಗಿದ್ದವರು ಬದುಕಿದರು, ದುಃಖದಲ್ಲಿ ಮುಳುಗಿದ್ದವರು ಸತ್ತರು ಎಂದು ಲೆನೆಕ್ ತೀರ್ಮಾನಿಸಿದ. ಇಂದು ಅದೇ ಕಥೆಯನ್ನು ಓದುವವರಿಗೆ ಇನ್ನೊಂದು ಹೊಳೆಯುತ್ತದೆ. ಬಾಗಿಲಲ್ಲಿ, ತೋಟದಲ್ಲಿ ಇದ್ದವರು ಗಾಳಿಯಾಡುವ ಜಾಗದಲ್ಲಿದ್ದರು. ಉಳಿದವರು ಮುಚ್ಚಿದ ಕೋಣೆಗಳಲ್ಲಿ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುತ್ತಾ ಪ್ರಾರ್ಥಿಸುತ್ತಿದ್ದರು. ಲೆನೆಕ್ ನೋಡಿದ್ದು ನಿಜ, ಕಟ್ಟಿದ ಕಾರಣ ಮಾತ್ರ ಅರೆಬರೆ. ಅವನೂ 1826ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ತೋರಿಸಿದ ಮೇಲೆ ಶೋಕ, ಚಿಂತೆಗಳ ಮಾತು ವೈದ್ಯಕೀಯ ಪುಸ್ತಕಗಳಿಂದ ಮೆಲ್ಲಗೆ ಹಿಂದೆ ಸರಿಯಿತು. ಇದರಿಂದ ರೋಗಿಗೆ ಒಂದು ದೊಡ್ಡ ಉಪಕಾರವಾಯಿತು: ಕಾಯಿಲೆ ಅವನ ಸ್ವಭಾವದ ದೋಷವಲ್ಲ ಎಂಬುದು ಖಚಿತವಾಯಿತು. ಆದರೆ ಕ್ರಿಮಿ ಗೊತ್ತಾದ ಮೇಲೂ ಅರವತ್ತು ವರ್ಷ ಔಷಧಿ ಇರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಸ್ಯಾನಟೋರಿಯಂ. ನಮ್ಮಲ್ಲಿ 1906ರಲ್ಲಿ ಅಜ್ಮೇರ್ ಬಳಿಯ ತಿಲೋನಿಯಾ, 1908ರಲ್ಲಿ ಅಲ್ಮೋರಾ, 1912ರಲ್ಲಿ ಭೋವಾಲಿ, ಆಮೇಲೆ ಆಂಧ್ರದ ಮದನಪಲ್ಲಿ, ಹೀಗೆ ಒಂದೊಂದಾಗಿ ಹುಟ್ಟಿಕೊಂಡವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕ್ಷಯಕ್ಕೆ ಬಲಿಯಾದ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಸ್ಯಾನಟೋರಿಯಂ ಕಟ್ಟಿಸಿದರು. ಅರಮನೆಯ ಗೋಡೆಯೂ ಈ ಕಾಯಿಲೆಯನ್ನು ತಡೆದಿರಲಿಲ್ಲ. ಸ್ಯಾನಟೋರಿಯಂನ ಚಿಕಿತ್ಸೆ ಎಂದರೆ ಶುದ್ಧ ಗಾಳಿ, ಪುಷ್ಟಿಕರ ಊಟ, ತಿಂಗಳುಗಟ್ಟಲೆ ಹಾಸಿಗೆ, ಹೊತ್ತಿಗೆ ಸರಿಯಾಗಿ ಜ್ವರ ನೋಡಿ ಪಟ್ಟಿಯಲ್ಲಿ ಬರೆಯುವುದು, ಜೊತೆಗೆ ಉದ್ವೇಗ ಬೇಡ, ಅಳಬಾರದು, ಚಿಂತಿಸಬಾರದು ಎಂಬ ಕಟ್ಟಪ್ಪಣೆ. ಪುಸ್ತಕದಿಂದ ಹೊರಹಾಕಿದ ಮನಸ್ಸು ಹೀಗೆ ಆಸ್ಪತ್ರೆಯ ನಿಯಮವಾಗಿ ಮರಳಿ ಬಂತು.

ಚಿಂತಿಸಬೇಡ ಎಂದು ಹೇಳುವ ಆ ವ್ಯವಸ್ಥೆಯೇ ಚಿಂತೆಯ ಮೂಲವಾಗಿತ್ತು ಎಂಬುದನ್ನು ಒತ್ತಿ ಹೇಳಬೇಕು. ದುಡಿಯುವ ಗಂಡಸು ವರ್ಷಗಟ್ಟಲೆ ಮನೆಯಿಂದ ದೂರ ಮಲಗಿದರೆ ಮನೆಯವರ ಹೊಟ್ಟೆ ಯಾರು ನೋಡಬೇಕು? ಹೆಂಗಸು ಹೋದರೆ ಮಕ್ಕಳ ಗತಿ ಏನು? ಮನೆಯಲ್ಲಿ ಕ್ಷಯವಿದೆ ಎಂದು ಗೊತ್ತಾದರೆ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ ಎಂಬ ಭಯ ಬೇರೆ. ಅದಕ್ಕಾಗಿ ಕಾಯಿಲೆಯ ಹೆಸರನ್ನೇ ಬಾಯಿಬಿಡದ ಕುಟುಂಬಗಳು ಎಷ್ಟೋ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಪಾಡು ಇದಕ್ಕೊಂದು ಕರುಳು ಹಿಂಡುವ ಸಾಕ್ಷಿ. ಇಂಗ್ಲೆಂಡಿನಲ್ಲಿ ಅವರಿಗೆ ಕ್ಷಯವಿದೆ ಎಂದು ಶಂಕಿಸಿ ಮ್ಯಾಟ್‌ಲಾಕ್ ಎಂಬಲ್ಲಿನ ಸ್ಯಾನಟೋರಿಯಂ ಸೇರಿದಂತೆ ಹಲವು ಕಡೆ ಇರಿಸಿದರು. ಬೇಕಾದ ಊಟವಿಲ್ಲ, ಕಿಟಕಿ ತೆರೆದಿಟ್ಟ ಚಳಿಯ ಕೋಣೆ, ಮನೆಯವರು ಸಮುದ್ರದಾಚೆ. 1918ರ ಆರಂಭದಲ್ಲಿ ಅವರು ಲಂಡನ್ನಿನಲ್ಲಿ ನೆಲದಡಿಯ ರೈಲಿನ ಹಳಿಗೆ ಹಾರಿ ಸಾಯಲು ನೋಡಿದರು. ಅವರ ಕಾಯಿಲೆ ಕ್ಷಯವೇ ಅಲ್ಲ, ಯಕೃತ್ತಿನ ಅಮೀಬಾ ಸೋಂಕು ಇದ್ದಿರಬೇಕು ಎಂದು ನಂತರದ ವೈದ್ಯರು ವಾದಿಸಿದ್ದಾರೆ. ಹಾಗಿದ್ದರೆ ಆ ಚಿಕಿತ್ಸೆಯಿಂದ ಅವರಿಗೆ ಒಂಟಿತನವೊಂದೇ ಲಾಭ.

1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಿಂದ ಬಂದ ಸುದ್ದಿ ಈ ಚರಿತ್ರೆಯ ದೊಡ್ಡ ತಿರುವು. ಅಲ್ಲಿ ಎಡ್ವರ್ಡ್ ರೋಬಿಟ್ಜೆಕ್ ಮತ್ತು ಇರ್ವಿಂಗ್ ಸೆಲಿಕಾಫ್ ಎಂಬ ವೈದ್ಯರು ಉಳಿಯುವ ಆಸೆಯಿಲ್ಲದ ರೋಗಿಗಳಿಗೆ ಐಸೋನಿಯಾಜಿಡ್ ಮತ್ತು ಅದರ ಒಡಹುಟ್ಟಿದಂಥ ಐಪ್ರೋನಿಯಾಜಿಡ್ ಮಾತ್ರೆ ಕೊಟ್ಟು ನೋಡಿದರು. ಜ್ವರ ಇಳಿಯಿತು, ಹಸಿವು ಹೆಚ್ಚಿತು, ತೂಕ ಏರಿತು. ಅದರ ಜೊತೆಗೆ ಯಾರೂ ನಿರೀಕ್ಷಿಸದ ಒಂದು ಬದಲಾವಣೆ ಕಂಡಿತು: ಹಾಸಿಗೆ ಹಿಡಿದಿದ್ದವರಲ್ಲಿ ಉತ್ಸಾಹ ಉಕ್ಕಿತು, ವಾರ್ಡಿನಲ್ಲಿ ರೋಗಿಗಳು ಕುಣಿಯುತ್ತಿರುವ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಐಪ್ರೋನಿಯಾಜಿಡ್ ಪಡೆದವರಲ್ಲಿ ಈ ಉತ್ಸಾಹ ಎದ್ದು ಕಾಣುತ್ತಿತ್ತು. ಬದುಕುತ್ತೇನೆಂದು ಗೊತ್ತಾದವರು ಕುಣಿಯುವುದು ಸಹಜ ಎನ್ನಬಹುದು. ಆದರೆ ಇದೇ ಔಷಧಿಯನ್ನು ಮನೋವೈದ್ಯ ನೇಥನ್ ಕ್ಲೈನ್ ಮತ್ತು ಸಂಗಡಿಗರು ಕ್ಷಯವಿಲ್ಲದ ಖಿನ್ನತೆಯ ರೋಗಿಗಳಿಗೆ ಕೊಟ್ಟು, ಗುಣ ಕಂಡಿತೆಂದು 1957ರಲ್ಲಿ ವರದಿ ಮಾಡಿದರು. ಮಿದುಳಿನಲ್ಲಿ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಯಕೃತ್ತಿಗೆ ಹಾನಿ ಮಾಡುತ್ತದೆಂದು ಮುಂದೆ ಅದನ್ನು ಕೈಬಿಟ್ಟರು, ಆದರೂ ಖಿನ್ನತೆಗೆ ಮಾತ್ರೆ ಕೊಡಬಹುದು ಎಂಬ ತಿಳಿವಳಿಕೆಯ ಮೊದಲ ಮೆಟ್ಟಿಲುಗಳಲ್ಲಿ ಒಂದು ಕ್ಷಯದ ವಾರ್ಡಿನಲ್ಲೇ ಹುಟ್ಟಿತು. ಎದೆಯ ಕಾಯಿಲೆಯ ವೈದ್ಯರೂ ಮನಸ್ಸಿನ ವೈದ್ಯರೂ ಒಂದೇ ಮಾತ್ರೆಯ ಮೇಲೆ ಕೆಲಸ ಮಾಡಿದ ಆ ಕೆಲವು ವರ್ಷಗಳಲ್ಲಿ ಎರಡು ವಿಭಾಗಗಳೂ ಒಂದಾಗಬಹುದಿತ್ತು. ಆಗಲಿಲ್ಲ. ಮಾತ್ರೆ ಹಂಚಿಕೊಂಡು ತಂತಮ್ಮ ಕಟ್ಟಡಗಳಿಗೆ ಮರಳಿದರು.

ಮಾತ್ರೆ ಬಂದ ಮೇಲೆ ಸ್ಯಾನಟೋರಿಯಂ ಬೇಕೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಮದ್ರಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಅಲ್ಲಿ ಸ್ಥಾಪಿಸಿದ ಕೇಂದ್ರದಲ್ಲಿ ವ್ಯಾಲೇಸ್ ಫಾಕ್ಸ್ ನೇತೃತ್ವದ ತಂಡ ನಗರದ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪು ಸ್ಯಾನಟೋರಿಯಂನಲ್ಲಿ, ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಒಂದು ವರ್ಷ ಅದೇ ಮಾತ್ರೆ ನುಂಗಿತು. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಬದಲಿಸಿತು: ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದವು, ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚು ಸೋಂಕು ತಗಲಿರಲಿಲ್ಲ. ಇದನ್ನು ಮನಸ್ಸಿನ ಪಾತ್ರದ ವಿರುದ್ಧದ ಸಾಕ್ಷ್ಯವೆಂದು ಓದುವವರಿದ್ದಾರೆ: ಚಿಂತೆಯಿದ್ದರೂ ಮಾತ್ರೆ ಕೆಲಸ ಮಾಡಿತಲ್ಲ, ಹಾಗಾದರೆ ಚಿಂತೆಯನ್ನು ಬದಿಗಿಡಬಹುದು ಎಂದು. ಈ ಓದು ಅವಸರದ್ದು. ಮದ್ರಾಸಿನ ಮನೆ ಮನೆಗೂ ಆರೋಗ್ಯ ಕಾರ್ಯಕರ್ತರು ಹೋಗುತ್ತಿದ್ದರು, ಮಾತ್ರೆ ಎಣಿಸುತ್ತಿದ್ದರು, ತಪ್ಪಿಸಿದವರನ್ನು ಹುಡುಕಿಕೊಂಡು ಬರುತ್ತಿದ್ದರು. ರೋಗಿ ಮಡದಿ ಮಕ್ಕಳ ನಡುವೆ ಇದ್ದ. ಮಾತ್ರೆ ಒಂಟಿಯಾಗಿ ಗೆಲ್ಲಲಿಲ್ಲ. ಕಾಳಜಿಯ ಒಂದು ಬಲೆಯೊಳಗೆ ಗೆದ್ದಿತು. ಆ ಬಲೆ ಇಲ್ಲದ ಕಡೆ ಅದೇ ಮಾತ್ರೆ ಎಷ್ಟು ಸಲ ಸೋತಿತು ಎಂಬುದನ್ನು ಮುಂದಿನ ದಶಕಗಳ ಚಿಕಿತ್ಸೆ ಬಿಟ್ಟವರ ಪಟ್ಟಿಗಳು ಹೇಳುತ್ತವೆ.

ಈಗ ತುಮಕೂರಿಗೆ ಬರೋಣ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿದ್ದ ಪ್ರಶ್ನೆ ಸರಳ: ಹಳ್ಳಿಗಳಲ್ಲಿರುವ ಲಕ್ಷಾಂತರ ರೋಗಿಗಳನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಅವರು ತಲೆಕೆಡಿಸಿಕೊಳ್ಳುವುದಿಲ್ಲ, ಆದ್ದರಿಂದ ಎಕ್ಸ್‌ರೇ ಯಂತ್ರಗಳನ್ನು ವ್ಯಾನಿನಲ್ಲಿ ಹೊತ್ತು ಊರೂರಿಗೆ ಹೋಗಬೇಕು ಎಂಬುದು ಆಗಿನ ತಜ್ಞರಲ್ಲಿ ಹಲವರ ನಂಬಿಕೆ. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ಗುರುತಿಸಿದ ಜನರ ಮನೆಗೆ ಹೋಗಿ, ಅವರ ಜೊತೆ ಮಾತಾಡಿ, ಮೂರು ವಿಷಯಗಳನ್ನು ಬೇರೆಬೇರೆಯಾಗಿ ಬರೆದುಕೊಂಡರು. ಲಕ್ಷಣ ಗಮನಕ್ಕೆ ಬಂದಿದೆಯೇ? ಅದು ಚಿಂತೆ ತಂದಿದೆಯೇ? ಚಿಂತೆಯಿಂದ ಏನಾದರೂ ಮಾಡಿದ್ದಾರೆಯೇ? 1963ರಲ್ಲಿ ಪ್ರಕಟವಾದ ಉತ್ತರ ತಜ್ಞರ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಲಕ್ಷಣ ಗೊತ್ತಿತ್ತು, ಸುಮಾರು ಮುಕ್ಕಾಲು ಪಾಲು ಜನ ಅದರ ಬಗ್ಗೆ ಚಿಂತಿಸುತ್ತಿದ್ದರು, ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಹೋದವರಲ್ಲಿ ಹಲವರಿಗೆ ಅಲ್ಲಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫವನ್ನು ಯಾರೂ ಸೂಕ್ಷ್ಮದರ್ಶಕದಡಿ ನೋಡಿರಲಿಲ್ಲ.

ಈ ಅಧ್ಯಯನ ಸಾರ್ವಜನಿಕ ಆರೋಗ್ಯದ ಪಾಠಗಳಲ್ಲಿ ಇಂದಿಗೂ ಬರುತ್ತದೆ. ಅದು ಅಚ್ಚಾಗುವ ಮೊದಲೇ, 1962ರ ಜಿಲ್ಲಾ ಕ್ಷಯರೋಗ ಕಾರ್ಯಕ್ರಮ ಎಕ್ಸ್‌ರೇ ವ್ಯಾನನ್ನು ಬಿಟ್ಟು ಸಾಮಾನ್ಯ ಆಸ್ಪತ್ರೆಗೆ ಕೆಮ್ಮಿಕೊಂಡು ಬಂದವರ ಕಫ ನೋಡುವುದನ್ನೇ ಆಧಾರ ಮಾಡಿಕೊಂಡಿತು. ಆದರೆ ಅಧ್ಯಯನದ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ, ಅಂದರೆ ಚಿಂತೆಗೆ, ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ವೈದ್ಯಕೀಯ ಚರಿತ್ರೆಯಲ್ಲಿ ಚಿಂತೆ ಎಂದರೆ ಒಂದೋ ಕಾಯಿಲೆಯ ಕಾರಣ ಇಲ್ಲವೇ ಚಿಕಿತ್ಸೆಗೆ ಅಡ್ಡಿ. ತುಮಕೂರಿನ ಹಳ್ಳಿಗರ ಚಿಂತೆ ಇವೆರಡೂ ಆಗಿರಲಿಲ್ಲ. ಅದು ಮೈ ಕೊಟ್ಟ ಸೂಚನೆಯನ್ನು ಸರಿಯಾಗಿ ಓದಿದ ಮನಸ್ಸಿನ ಕೆಲಸ; ಲಕ್ಷಣಕ್ಕೂ ಆಸ್ಪತ್ರೆಗೂ ನಡುವೆ ಇದ್ದ ಏಕೈಕ ಸೇತುವೆ. ಚಿಂತಿಸಿಯೂ ಎಲ್ಲಿಗೂ ಹೋಗದೆ ಉಳಿದವರ ಸಾಲೂ ಅಲ್ಲಿದೆ. ಅವರನ್ನು ಅಜ್ಞಾನಿಗಳೆನ್ನುವುದು ಸುಲಭ. ಕೂಲಿ ಬಿಟ್ಟು ಹೋದರೂ ಸೀಸೆ ಔಷಧಿ ಹಿಡಿದು ಮರಳಬೇಕಾಗುತ್ತದೆ ಎಂದು ನೆರೆಮನೆಯವರಿಂದ ತಿಳಿದ ಮೇಲೆ ಸುಮ್ಮನೆ ಕೂರುವುದು ಅಜ್ಞಾನವಲ್ಲ, ಕೈಚೆಲ್ಲಿದ ಸ್ಥಿತಿ. ಮನಸ್ಸಿನ ಬಳಲಿಕೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಉತ್ತರ ಸಿಗದ ಚಿಂತೆಯೇ ಆಗಿರುತ್ತದೆ.

ಹಾಗಾದರೆ ಮನಸ್ಸು ಕಾಯಿಲೆಯನ್ನು ತರುವುದೇ ಇಲ್ಲವೇ? ಇಲ್ಲಿ ಪುರಾವೆ ಹೆಚ್ಚು ಜಟಿಲ. ಕ್ಷಯದ ಕ್ರಿಮಿ ಒಳಹೊಕ್ಕವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದಲ್ಲಿ ನಡೆಸಿದ ಐದು ವರ್ಷಗಳ ಅಧ್ಯಯನದಲ್ಲಿ ಕಫದಲ್ಲಿ ಕ್ರಿಮಿ ಕಂಡಿದ್ದ ರೋಗಿಗಳಲ್ಲಿ ಸುಮಾರು ಅರ್ಧ ಜನ ತೀರಿಕೊಂಡರು, ಮೂರನೆಯ ಒಂದು ಭಾಗದಷ್ಟು ಜನ ಹೆಚ್ಚಿನ ಚಿಕಿತ್ಸೆ ಇಲ್ಲದೆಯೇ ಗುಣವಾದರು, ಉಳಿದವರು ರೋಗಿಗಳಾಗಿಯೇ ಉಳಿದರು. ಕ್ರಿಮಿ ಒಂದೇ, ಹಣೆಬರಹ ಮೂರು ಬಗೆ. ದೇಹದ ಪ್ರತಿರೋಧವನ್ನು ಕುಗ್ಗಿಸುವುದು ಯಾವುದೋ ಅದು ಈ ಹಂಚಿಕೆಯನ್ನು ನಿರ್ಧರಿಸುತ್ತದೆ. ಹಸಿವು, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಮದ್ಯ, ಎಚ್‌ಐವಿ ಇವುಗಳ ಪಾತ್ರ ಖಚಿತ. ಮನಸ್ಸಿನ ಒತ್ತಡದ ಪಾತ್ರಕ್ಕೂ ಸುಳಿವುಗಳಿವೆ. ಜಪಾನಿನ ತೋರು ಇಶಿಗಾಮಿ 1919ರಲ್ಲೇ, ಉದ್ವೇಗದ ಸಮಯದಲ್ಲಿ ರಕ್ತಕಣಗಳು ಕ್ಷಯದ ಕ್ರಿಮಿಗಳನ್ನು ನುಂಗುವ ಶಕ್ತಿ ಇಳಿಯುತ್ತದೆಂದು ಬರೆದ. ಸಿಯಾಟಲ್‌ನ ಫರ್ಲ್ಯಾಂಡ್ ಸ್ಯಾನಟೋರಿಯಂನಲ್ಲಿ ಥಾಮಸ್ ಹೋಮ್ಸ್ ಮತ್ತು ಸಂಗಡಿಗರು 1950ರ ದಶಕದಲ್ಲಿ, ಕಾಯಿಲೆ ಬೀಳುವ ಮುಂಚಿನ ಒಂದೆರಡು ವರ್ಷಗಳಲ್ಲಿ ರೋಗಿಗಳ ಬದುಕಿನಲ್ಲಿ ಸಾವು, ವಿಚ್ಛೇದನ, ಕೆಲಸ ಕಳೆದುಕೊಳ್ಳುವುದು ಮುಂತಾದ ಏರುಪೇರುಗಳು ಗುಂಪುಗಟ್ಟಿರುವುದನ್ನು ಕಂಡರು. 1967ರಲ್ಲಿ ಹೋಮ್ಸ್ ಮತ್ತು ಸಹೋದ್ಯೋಗಿ ರಾಹೆ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಒತ್ತಡದ ಅಳತೆಪಟ್ಟಿಯ ಮೂಲ ಇಲ್ಲಿದೆ. ಸ್ಟೀರಾಯ್ಡ್ ಔಷಧಿ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಮಲಗಿದ್ದ ಕ್ಷಯ ಎದ್ದು ಬರಬಹುದೆಂಬುದು ವೈದ್ಯರಿಗೆಲ್ಲ ಗೊತ್ತು; ಒತ್ತಡದಲ್ಲಿ ದೇಹ ತಾನೇ ಸುರಿಸುವ ಕಾರ್ಟಿಸಾಲ್ ಅದೇ ಕುಲದ್ದು. ಆದರೂ ಇಶಿಗಾಮಿಯ ಅಳತೆಗಳು ಹಳೆಯ ಕಾಲದವು, ಹೋಮ್ಸ್‌ನ ಗುಂಪುಗಳು ಚಿಕ್ಕವು, ಕಾಯಿಲೆ ಬಿದ್ದವರು ಹಿಂದಿನ ಕಷ್ಟಗಳನ್ನು ಹೆಚ್ಚು ನೆನಪಿಸಿಕೊಳ್ಳುವುದೂ ಸಹಜ. ಒತ್ತಡ ತಕ್ಕಡಿಯನ್ನು ವಾಲಿಸಬಲ್ಲದು ಎಂದಷ್ಟೇ ಇವುಗಳಿಂದ ಹೇಳಬಹುದು.

ಇಷ್ಟು ಹೇಳಿದರೂ ಸಾಕು, ಗಟ್ಟಿಯಾದ ಒಂದು ಆಕ್ಷೇಪ ಎದುರಾಗುತ್ತದೆ. ಲೇಖಕಿ ಸೂಸನ್ ಸಾಂಟ್ಯಾಗ್ ತಾನೇ ಕ್ಯಾನ್ಸರ್‌ನಿಂದ ನರಳಿದ ಮೇಲೆ 1978ರಲ್ಲಿ ಬರೆದ ಪುಸ್ತಕದಲ್ಲಿ, ಕಾಯಿಲೆಗೆ ಮನಸ್ಸಿನ ಕಾರಣ ಹುಡುಕುವುದು ರೋಗಿಯನ್ನೇ ಅಪರಾಧಿ ಮಾಡುವ ದಾರಿ, ನಿಜವಾದ ಕಾರಣ ತಿಳಿಯದ ಕಾಲದಲ್ಲಷ್ಟೇ ಇಂಥ ಸಿದ್ಧಾಂತಗಳು ಬೆಳೆಯುತ್ತವೆ ಎಂದು ವಾದಿಸಿದಳು. ಕ್ಷಯವೇ ಅವಳ ಮುಖ್ಯ ನಿದರ್ಶನ. ಹೊಟ್ಟೆಯ ಹುಣ್ಣಿಗೆ ಒತ್ತಡವೇ ಕಾರಣ ಎಂದು ದಶಕಗಟ್ಟಲೆ ಹೇಳಿ, 1980ರ ದಶಕದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದಿನ ಬ್ಯಾಕ್ಟೀರಿಯಾ ತೋರಿಸಿದ್ದು ಅವಳ ವಾದಕ್ಕೆ ಇನ್ನಷ್ಟು ಬಲ ತಂದಿತು. ಲೆನೆಕ್‌ನ ಮಠದ ಸನ್ಯಾಸಿನಿಯರ ಮಟ್ಟಿಗೆ ಸಾಂಟ್ಯಾಗ್ ಹೇಳಿದ್ದು ಪೂರ್ತಿ ಸರಿ. ಆದರೆ ದೂಷಣೆ ಬೇರೆ, ಗಮನ ಬೇರೆ. ನಿನ್ನ ದುಃಖದಿಂದ ಕಾಯಿಲೆ ಬಂತು ಎನ್ನುವುದು ದೂಷಣೆ. ನಿನ್ನ ಕಾಯಿಲೆಯ ಜೊತೆಗೆ ದುಃಖವೂ ಇದೆ, ಎರಡನ್ನೂ ನೋಡುತ್ತೇವೆ ಎನ್ನುವುದು ಚಿಕಿತ್ಸೆ. ಮೊದಲನೆಯದರ ಹೆದರಿಕೆಯಿಂದ ಎರಡನೆಯದನ್ನೂ ಬಿಟ್ಟುಕೊಟ್ಟದ್ದು ಇಪ್ಪತ್ತನೆಯ ಶತಮಾನದ ತಪ್ಪು. ಇನ್ನೊಂದು ಆಕ್ಷೇಪ ಬಡತನದ ಕಡೆಯಿಂದ ಬರುತ್ತದೆ: ಹಸಿದವನ ಮುಂದೆ ಮನಸ್ಸಿನ ಮಾತೇಕೆ? ಅನ್ನದ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಯ ಮನೆಮಂದಿಗೆ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ನೂರಕ್ಕೆ ಸುಮಾರು 40ರಷ್ಟು ಇಳಿಯಿತು. ಆದರೆ ಹಸಿವು ಮತ್ತು ಹತಾಶೆ ಒಂದೇ ಮನೆಯಲ್ಲಿ ವಾಸಿಸುತ್ತವೆ. ಒಂದನ್ನು ನೋಡಲು ಇನ್ನೊಂದಕ್ಕೆ ಕಣ್ಣು ಮುಚ್ಚಬೇಕಾಗಿಲ್ಲ.

ಇಂದಿನ ಸ್ಥಿತಿ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2020ರಲ್ಲಿ ಮಾಡಿದ ಒಂದು ವಿಶ್ಲೇಷಣೆಯ ಪ್ರಕಾರ ಕ್ಷಯರೋಗಿಗಳಲ್ಲಿ ನೂರಕ್ಕೆ ಸುಮಾರು 45 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿವೆ. ಖಿನ್ನತೆಯಲ್ಲಿರುವವರು ಮಾತ್ರೆ ತಪ್ಪಿಸುವುದು ಹೆಚ್ಚು, ಮಾತ್ರೆ ತಪ್ಪಿದರೆ ಔಷಧಿಗೆ ಬಗ್ಗದ ಕ್ಷಯ ಬರುವ ಅಪಾಯ ಹೆಚ್ಚು. ಅಂಥ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಎಂಬ ಔಷಧಿ ಕೆಲವರಲ್ಲಿ ತಾನೇ ಖಿನ್ನತೆ, ಭ್ರಮೆಗಳನ್ನು ತರುತ್ತದೆ. ಆತ್ಮಹತ್ಯೆಯ ಯೋಚನೆ ಬರುತ್ತದೆಯೇ ಎಂದು ರೋಗಿಯನ್ನು ಕೇಳುತ್ತಿರಬೇಕೆಂಬುದು ವೈದ್ಯರಿಗೆ ಗೊತ್ತಿರುವ ಎಚ್ಚರಿಕೆ. ಈ ವೃತ್ತದಲ್ಲಿ ಮನಸ್ಸು ಎಲ್ಲಿ ಮುಗಿಯುತ್ತದೆ, ಎದೆಗೂಡು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಸಾಧ್ಯವಿಲ್ಲ. ಗೆರೆ ಇರುವುದು ನಮ್ಮ ಇಲಾಖೆಗಳ ನಡುವೆ ಮಾತ್ರ.

ಆ ಗೆರೆಯನ್ನು ದಾಟಲು ಬೇಕಾದ ಸಲಕರಣೆ ಕರ್ನಾಟಕದಲ್ಲಿ ಆಗಲೇ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಕ್ಷಯದ ಮಾತ್ರೆ ಹಂಚುವ ವ್ಯವಸ್ಥೆಯೂ ತಾಲ್ಲೂಕು ತಾಲ್ಲೂಕಿಗೆ ಇದೆ, ಆಶಾ ಕಾರ್ಯಕರ್ತೆಯರು ರೋಗಿಯ ಮನೆಗೇ ಹೋಗುತ್ತಾರೆ. ಚಿಕಿತ್ಸೆಯ ಕಾರ್ಡಿನಲ್ಲಿ ತೂಕ ಮತ್ತು ಕಫದ ಫಲಿತಾಂಶ ಬರೆಯುವಾಗ, ನಿದ್ದೆ ಬರುತ್ತಿದೆಯೇ, ಬದುಕು ಬೇಡವೆನಿಸುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ತಿಂಗಳೂ ಕೇಳಿ ಬರೆಯುವುದು, ಉತ್ತರ ಕಳವಳ ತರುವಂತಿದ್ದರೆ ಮುಂದಿನ ಮಂಗಳವಾರಕ್ಕೆ ಕಳುಹಿಸುವುದು ಆರೋಗ್ಯ ಇಲಾಖೆಗೆ ದೊಡ್ಡ ಖರ್ಚಿನ ಕೆಲಸವಲ್ಲ. ಇಲಾಖೆ ಇದನ್ನು ನಿಯಮವಾಗಿ ಮಾಡಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಕ್ಷಯದ ಮಾತ್ರೆ ನುಂಗುತ್ತಿರುವವರು ಇದ್ದರೆ ಓದುಗರೇ ಈ ಎರಡು ಪ್ರಶ್ನೆಗಳನ್ನು ಕೇಳಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಕರೆಗೆ ಹಣವಿಲ್ಲ.